ಮಾಟದ ಕಥೆಯಲ್ಲಿ ಹುಡುಕಬೇಕಾದದ್ದು ಯಾರನ್ನು?

ಮಕ್ಕಳ ಪತ್ತೇದಾರಿ ಕಥೆಗಳಲ್ಲಿ ಮಾಟಗಾತಿ ಬಂದಳೆಂದರೆ ನನಗೆ ಸಿಟ್ಟು ಬರುತ್ತದೆ. ಊರ ಹೊರಗಿನ ಒಂಟಿ ಮನೆ, ಕೂದಲು ಕೆದರಿದ ಮುದುಕಿ, ಲಿಂಬೆಹಣ್ಣು, ಅಮಾವಾಸ್ಯೆ. ನಾಲ್ಕು ಹುಡುಗರು ಟಾರ್ಚ್ ಹಿಡಿದು ಹೋಗಿ ಅವಳನ್ನು ಹಿಡಿಯುತ್ತಾರೆ. ಇಲ್ಲವೇ, ಎಲ್ಲವೂ ಕಳ್ಳರ ಆಟವೆಂದು ಬಯಲಾದ ಮೇಲೂ ಕೊನೆಯ ಸಾಲಿನಲ್ಲಿ ಎಲ್ಲಿಂದಲೋ ಗೆಜ್ಜೆಯ ಸದ್ದು ಕೇಳಿಸುತ್ತದೆ. ಓದಿದ ಮಗುವಿನ ತಲೆಯಲ್ಲಿ ಉಳಿಯುವುದು ಆ ಗೆಜ್ಜೆಯೇ. ಬ್ಯಾಡಗಿ ಸೀಮೆಯ ಹಳ್ಳಿಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಇದು ಬರೀ ಸಾಹಿತ್ಯದ ತಕರಾರಲ್ಲ. ಇಲ್ಲಿ ಆ ಒಂಟಿ ಮನೆಯ ಮುದುಕಿಗೆ ಹೆಸರಿದೆ, ರೇಷನ್ ಕಾರ್ಡ್ ಇದೆ, ತುಂಡು ಮೆಣಸಿನಕಾಯಿ ಹೊಲವಿದೆ.

ಸೀಗಿ ಹುಣ್ಣಿಮೆ ಕಳೆದ ಮೇಲೆ ಅವಳ ಪಕ್ಕದ ಹೊಲದವರ ಗಿಡಗಳು ಮುರುಟಿಕೊಂಡವು. ಬದುವಿನ ಮೇಲೆ ಲಿಂಬೆಹಣ್ಣು, ಕುಂಕುಮ ಸಿಕ್ಕಿತು. ದೇವರ ಹೇಳಿಕೆ ಹೇಳುವವನೊಬ್ಬನ ಬಳಿ ಕೇಳಲು ಹೋದರು. ದುಡ್ಡು ತೆಗೆದುಕೊಂಡ ಆ ಮನುಷ್ಯ ‘ನಿಮ್ಮ ಮಗ್ಗುಲಿನವರೇ’ ಎಂದ. ಅಷ್ಟೇ ಸಾಕಾಯಿತು. ಗಂಡ ತೀರಿಕೊಂಡ, ಮಕ್ಕಳಿಲ್ಲದ ಆಕೆಯ ಅಂಗಳದ ಮುಂದೆ ಹಾಯ್ದು ಹೋಗುವವರು ಮುಖ ತಿರುಗಿಸತೊಡಗಿದರು.

ನನ್ನ ಎಂಟನೇ ತರಗತಿಯ ಮೂವರು ಮಕ್ಕಳು ಇದರ ಬೆನ್ನು ಹತ್ತಿದರು. ನಾನು ಕೊಟ್ಟದ್ದು ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ ಮಾತ್ರ. ಮುರುಟಿದ ಕುಡಿಯನ್ನು ಹಾಳೆಯ ಮೇಲೆ ಹಿಡಿದು ತಟ್ಟಿದರೆ, ಎಳ್ಳಿಗಿಂತ ಸಣ್ಣ ಹಳದಿ ಹುಳುಗಳು ಉದುರಿ ಓಡಾಡಿದವು. ಥ್ರಿಪ್ಸ್! ಎಲೆಯ ರಸ ಹೀರುವ ಕೀಟ, ಒಣ ಹವೆ ಸಿಕ್ಕರೆ ಬೇಗ ಹೆಚ್ಚುತ್ತದೆ. ಅದು ಹತ್ತಿದ ಎಲೆ ಮೇಲ್ಮುಖವಾಗಿ ಮುದುಡುತ್ತದೆ. ಮೈಟ್ ನುಸಿ ಹತ್ತಿದರೆ ಕೆಳಮುಖವಾಗಿ. ಮಕ್ಕಳು ಅಲ್ಲಿಗೇ ನಿಲ್ಲಲಿಲ್ಲ, ಸುತ್ತಲಿನ ಹೊಲಗಳನ್ನೆಲ್ಲ ನೋಡಿಕೊಂಡು ಬಂದರು. ಆರೋಪ ಹೊತ್ತ ಆಕೆಯ ಹೊಲದ ಗಿಡಗಳೂ ಮುರುಟಿದ್ದವು. ಅದನ್ನು ಕಂಡು ಮೂವರಲ್ಲೊಬ್ಬ ಹುಡುಗಿ ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ: ‘ಮಾಟ ಮಾಡುವವರು ತಮ್ಮ ಹೊಲಕ್ಕೂ ಮಾಡಿಕೊಳ್ಳುತ್ತಾರೆಯೇ ಟೀಚರ್?’

ಲಿಂಬೆಹಣ್ಣಿನ ಗುಟ್ಟು ಇನ್ನೂ ಸುಲಭವಾಗಿತ್ತು. ದೂರು ಹೇಳಿದ ಮನೆಯ ಅಜ್ಜಿಯೇ ಸೀಗಿ ಹುಣ್ಣಿಮೆಗೆ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಹೊಲಕ್ಕೆಲ್ಲ ಚರಗ (ನೈವೇದ್ಯದ ಅಡುಗೆ) ಚೆಲ್ಲಿ ಬಂದಿದ್ದರು. ‘ಅದನ್ನು ಇಟ್ಟವಳು ನಾನೇ’ ಎಂದು ಆಕೆ ತಣ್ಣಗೆ ಹೇಳಿದರಂತೆ. ಅಷ್ಟು ದಿನ ಮನೆಯಲ್ಲಿ ಯಾರೂ ಆ ಅಜ್ಜಿಯನ್ನು ಕೇಳಿರಲಿಲ್ಲ!

ಮಾಟದ ಕಥೆಯಲ್ಲಿ ಹುಡುಕಬೇಕಾದದ್ದು ಮಾಟ ಮಾಡಿದವರನ್ನಲ್ಲ, ಮಾಟ ಎಂದು ಮೊದಲು ಹೇಳಿದವರನ್ನು. ಯಾರು ಹೇಳಿದರು, ಹೇಳಿದ್ದರಿಂದ ಯಾರಿಗೆ ಲಾಭ? ನಮ್ಮ ಮಕ್ಕಳಿಗೆ ಕೊನೆಗೆ ಸಿಕ್ಕಿದ್ದು ಬದು ಒತ್ತಿದ ಹಳೆಯ ಜಗಳ. ಹೆಚ್ಚಿನ ಕಡೆ ಹೀಗೇ ಇರುತ್ತದೆ ಎಂದು ನಾನು ನಂಬುತ್ತೇನೆ. ಆರೋಪ ಬೀಳುವುದು ಮಾತ್ರ ಹಿಂದೆ ಮುಂದೆ ಯಾರೂ ಇಲ್ಲದವರ ಮೇಲೆಯೇ.

ಮಂತ್ರವಾದಿಗಳಂತೆ ಕೊಯ್ದ ಲಿಂಬೆಹಣ್ಣಿನಿಂದ ‘ರಕ್ತ’ ತೆಗೆಯುವುದನ್ನು ನಾನು ತರಗತಿಯಲ್ಲೇ ಮಾಡಿ ತೋರಿಸುತ್ತೇನೆ. ಕೆಂಪು ದಾಸವಾಳದ ರಸ ಸವರಿ ಒಣಗಿಸಿದ ಚಾಕು ಸಾಕು. ಲಿಂಬೆಯ ಹುಳಿ ತಾಗಿದೊಡನೆ ಕೆಂಪಗಾಗುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆಂದೇ ಸಮಿತಿ ಮಾಡಿದ್ದರು. ವಾಮಾಚಾರದ ವಿರುದ್ಧ ನಮ್ಮ ರಾಜ್ಯದಲ್ಲಿ 2017ರ ಕಾಯ್ದೆಯಿದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಅಪರಾಧ; ಏಳು ವರ್ಷಗಳವರೆಗೆ ಜೈಲು ಆಗಬಹುದು. ಊರಿನಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಕಥೆಯ ಪುಟ್ಟ ಪತ್ತೇದಾರರಿಗಾದರೂ ಗೊತ್ತಿರಬೇಡವೇ?

ಪಕ್ಕದ ಹೊಲದವರು ಔಷಧಿ ಹೊಡೆದರು, ಗಿಡ ಚಿಗುರಿತು. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಆಕೆಯ ಮನೆಗೂ ಹೋಗಲಿಲ್ಲ. ಮಕ್ಕಳಿಗೆ ಅದೇ ಬೇಸರ. ಈಗ ಆ ಮೂವರೇ ಸಂಜೆ ಅವಳ ಕಟ್ಟೆಯ ಮೇಲೆ ಕುಳಿತು ಓದುತ್ತಾರೆ, ಊರವರು ನೋಡಲಿ ಎಂದೇ.

ಮಕ್ಕಳಿಗಾಗಿ ಬರೆಯುವ ಗೆಳೆಯರೇ, ಕೊನೆಯಲ್ಲಿ ಗೆಜ್ಜೆ ಕೇಳಿಸದ, ಆರೋಪ ಹೊತ್ತವಳಿಗೆ ಊರು ಕ್ಷಮೆ ಕೇಳುವ ಕಥೆ ನಿಮ್ಮ ಬಳಿ ಇದ್ದರೆ ಕಳುಹಿಸಿ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಓದಿಸುತ್ತೇನೆ.