ಮಂಡಿಗೆ ಎಣ್ಣೆ ತಿಕ್ಕುವ ಮೊದಲು ಒಂದು ಎಕ್ಸ್‌ರೇ

ಮಕ್ಕಳ ಮಂಡಿ ನೋವಿಗೆ ಎರಡು ವಾರದ ಗಡುವು ಹಾಕಿಕೊಳ್ಳಿ. 10ರಿಂದ 20 ವರ್ಷದೊಳಗಿನ ಹುಡುಗನಿಗೋ ಹುಡುಗಿಗೋ ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ ನೋವು ಎರಡು ವಾರ ದಾಟಿದರೆ ಎಣ್ಣೆ, ಮುಲಾಮು, ಕಟ್ಟು ಎಲ್ಲವನ್ನೂ ಪಕ್ಕಕ್ಕಿಟ್ಟು ಒಂದು ಎಕ್ಸ್‌ರೇ ತೆಗೆಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಾದರೆ ಅಷ್ಟು ದಿನವೂ ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಕೆಲಸ ಇದು.

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಅಪರೂಪ, ನಿಜ. ಆದರೆ ಹರೆಯದ ಮಕ್ಕಳಲ್ಲಿ ಅದು ಎಲ್ಲಿ ಬರುತ್ತದೆ ಅನ್ನುವುದು ಮಾತ್ರ ಬಹುಮಟ್ಟಿಗೆ ಗೊತ್ತಿರುವ ವಿಷಯ. ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದು ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್. ಮಕ್ಕಳು ಸರ್ರನೆ ಎತ್ತರ ಬೆಳೆಯುವ ಕಾಲದಲ್ಲಿ, ಮೂಳೆ ಅತಿ ವೇಗವಾಗಿ ಬೆಳೆಯುವ ತುದಿಗಳಲ್ಲೇ ಇದು ಹುಟ್ಟುತ್ತದೆ. ಅರ್ಧಕ್ಕಿಂತ ಹೆಚ್ಚು ಮಂಡಿಯ ಸುತ್ತಲೇ: ತೊಡೆ ಮೂಳೆಯ ಕೆಳತುದಿ, ಇಲ್ಲವೇ ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿ. ಆಮೇಲೆ ಬರುವುದು ಭುಜದ ಹತ್ತಿರದ ತೋಳಿನ ಮೂಳೆ.

ತಡವಾಗಲು ದೊಡ್ಡ ಕಾರಣ ಒಂದು ಏಟು. ಆಡುವ ವಯಸ್ಸು, ವಾರಕ್ಕೊಮ್ಮೆ ಬೀಳದ ಮಗುವೇ ಇಲ್ಲ. ಹಾಗಾಗಿ ನೋವು ಎಂದೊಡನೆ "ಕಬಡ್ಡಿ ಆಡುವಾಗ ಬಿದ್ದಿದ್ದ" ಎಂಬ ಕಾರಣ ಸಿದ್ಧವಾಗಿರುತ್ತದೆ. ಬಿದ್ದಿದ್ದರಿಂದ ಕ್ಯಾನ್ಸರ್ ಬರುವುದಿಲ್ಲ, ಮೊದಲೇ ಅಲ್ಲಿದ್ದ ಗಡ್ಡೆಯ ಕಡೆ ಏಟು ನಮ್ಮ ಗಮನ ಸೆಳೆಯುತ್ತದೆ ಅಷ್ಟೇ. ಮುಂದೆ ಕೃತಕ ಕಾಲಿನಲ್ಲಿ ಓಡಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ ಕೆನಡಾದ ಟೆರ್ರಿ ಫಾಕ್ಸ್ ಕತೆಯೂ ಇದೇ. 1976ರ ನವೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ಅವರ ಬಲಮಂಡಿಗೆ ಏಟಾಯಿತು. ಮುಂದೆ ಅದೇ ಮಂಡಿ ನೋಯತೊಡಗಿದಾಗ ಬಾಸ್ಕೆಟ್‌ಬಾಲ್ ಸೀಸನ್ ಮುಗಿಯಲಿ ಎಂದು ಸಹಿಸಿಕೊಂಡರು. 1977ರ ಮಾರ್ಚ್‌ನಲ್ಲಿ ಆಸ್ಟಿಯೋಸಾರ್ಕೋಮಾ ಎಂದು ಗೊತ್ತಾದಾಗ ಅವರಿಗೆ 18 ವರ್ಷ.

"ಬೆಳೆಯೋ ವಯಸ್ಸು, ಕಾಲು ನೋವು ಸಹಜ" ಅನ್ನುವ ಮಾತೂ ಇದೆ. ಬೆಳೆಯುವ ಮಕ್ಕಳ ಸಹಜ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ, ಸಂಜೆಯೋ ರಾತ್ರಿಯೋ ಬರುತ್ತದೆ, ಒತ್ತಿದರೆ ಹಾಯೆನಿಸುತ್ತದೆ, ಬೆಳಿಗ್ಗೆ ಮಗು ಕುಣಿದಾಡುತ್ತಿರುತ್ತದೆ. ಊತ ಇರುವುದಿಲ್ಲ, ಕುಂಟುವುದಿಲ್ಲ. ಗಡ್ಡೆಯ ನೋವು ಒಂದೇ ಕಡೆ ಕೂತು ವಾರದಿಂದ ವಾರಕ್ಕೆ ಏರುತ್ತದೆ. ಮುಟ್ಟಿದರೆ ಆ ಜಾಗ ಬಿಸಿ, ಗಟ್ಟಿ ಊತ, ಮಂಡಿ ಪೂರ್ತಿ ಮಡಚಲಾಗದು.

ಎಕ್ಸ್‌ರೇಯನ್ನು ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಸಬೇಕು. ಒಂದೇ ಕೋನದಿಂದ ತೆಗೆದರೆ ತಪ್ಪಿಹೋಗಬಹುದು. ಸೊಂಟದ ಕೀಲಿನ ತೊಂದರೆಯೂ ಮಂಡಿ ನೋವಾಗಿ ಕಾಣಿಸಿಕೊಳ್ಳುವುದರಿಂದ ಮಂಡಿಯ ಎಕ್ಸ್‌ರೇ ಚೆನ್ನಾಗಿದ್ದರೆ ಸೊಂಟದ್ದನ್ನೂ ನೋಡಿಸಿ. ಮೂಳೆಯ ಖನಿಜಾಂಶ ಶೇ. 30ರಿಂದ 50ರಷ್ಟು ಕರಗುವ ತನಕ ಎಕ್ಸ್‌ರೇಯಲ್ಲಿ ಆ ಹಾನಿ ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ನಾರ್ಮಲ್ ಎಂದು ಬಂದ ಮೇಲೂ ನೋವು ನಿಲ್ಲದಿದ್ದರೆ ಎರಡು-ಮೂರು ವಾರಕ್ಕೆ ಮತ್ತೆ ತೆಗೆಸಬೇಕು, ಇಲ್ಲವೇ ಎಂಆರ್‌ಐಗೆ ಹೋಗಬೇಕು. ರಕ್ತ ಪರೀಕ್ಷೆ ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ. ಈ ರೋಗವನ್ನು ಇಲ್ಲವೆನ್ನುವ ರಕ್ತ ಪರೀಕ್ಷೆ ಯಾವುದೂ ಇಲ್ಲ.

ನಮ್ಮಲ್ಲಿ ಆಸ್ಪತ್ರೆಗಿಂತ ಮೊದಲು ನೆನಪಾಗುವುದು ಎಲುಬು ಕಟ್ಟುವ ನಾಟಿ ವೈದ್ಯರು. ಮೂಳೆ ಕೂಡಿಸುವ ಕೈ ಅನುಭವ ಅವರಲ್ಲಿ ಕೆಲವರಿಗೆ ಇರಬಹುದು. ಆದರೆ ಊತದ ಒಳಗೇನಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ಗಡ್ಡೆ ತಿಂದ ಮೂಳೆ ಒಳಗೇ ಟೊಳ್ಳಾಗಿರುತ್ತದೆ, ಜೋರಾಗಿ ತಿಕ್ಕಿ ಎಳೆದರೆ ಅಲ್ಲೇ ಮುರಿಯಬಹುದು. ಮುರಿದ ಕಡೆ ರಕ್ತ ಸುತ್ತಲಿನ ಮಾಂಸಕ್ಕೆ ಹರಡುತ್ತದೆ, ಅದರ ಜೊತೆ ಕ್ಯಾನ್ಸರ್ ಕಣಗಳೂ ಹರಡುತ್ತವೆ. ಕಾಲು ಉಳಿಸುವ ಶಸ್ತ್ರಚಿಕಿತ್ಸೆ ಕಷ್ಟವಾಗುವುದು ಹೀಗೆ. ಮೇಲಾಗಿ ಒಂದೊಂದು ಕಟ್ಟಿಗೂ ಎರಡು ವಾರ, ಮೂರು ಕಟ್ಟು ಎಂದರೆ ಒಂದೂವರೆ ತಿಂಗಳು ಹೋಯಿತು.

ತಪ್ಪು ಬರೀ ನಾಟಿ ವೈದ್ಯರಲ್ಲಿ ಆಗುವುದಿಲ್ಲ. ಯೂಯಿಂಗ್ ಸಾರ್ಕೋಮಾ ಎಂಬ ಇನ್ನೊಂದು ಬಗೆ ಇದೆ. ಇದರಲ್ಲಿ ಜ್ವರ ಬರಬಹುದು, ಇಎಸ್‌ಆರ್ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ಏರಬಹುದು, ಕೊಯ್ದರೆ ಕೀವಿನಂಥ ದ್ರವವೂ ಬರಬಹುದು. ಮೂಳೆಯ ಸೋಂಕು ಎಂದುಕೊಂಡು ಆಂಟಿಬಯಾಟಿಕ್ ಕೊಡುತ್ತಾರೆ, ಟಿಬಿ ಇರಬಹುದೆಂದು ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡುವುದೂ ಉಂಟು. ಮೂಳೆಯಿಂದ ತೆಗೆದದ್ದು ಏನೇ ಆಗಲಿ, ಕಲ್ಚರ್‌ಗೂ (ರೋಗಾಣು ಇದೆಯೇ ಎಂಬ ಪರೀಕ್ಷೆ) ಹೋಗಬೇಕು, ಬಯಾಪ್ಸಿಗೂ (ತುಣುಕಿನಲ್ಲಿ ಕ್ಯಾನ್ಸರ್ ಇದೆಯೇ ಎಂಬ ಪರೀಕ್ಷೆ) ಹೋಗಬೇಕು. "ಬಯಾಪ್ಸಿಗೆ ಕಳಿಸಿದ್ದೀರಾ ಡಾಕ್ಟ್ರೇ?" ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಬಯಾಪ್ಸಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾಲು ಉಳಿಯುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಇಲ್ಲೇ ತೀರ್ಮಾನವಾಗುತ್ತದೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ಬಯಾಪ್ಸಿ ಬೇಡವೆನ್ನುವವರಿದ್ದಾರೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಆ ಭಯವಿಲ್ಲ, ತಪ್ಪು ಜಾಗದಲ್ಲಿ ಮಾಡಿದ್ದರಿಂದ ಇದೆ. ಸೂಜಿ ಹೋದ ದಾರಿಯನ್ನೂ ಮುಂದೆ ಗಡ್ಡೆಯ ಜೊತೆಗೇ ಕೊಯ್ದು ತೆಗೆಯಬೇಕಾಗುತ್ತದೆ. ಅಡ್ಡಕ್ಕೆ ಕೊಯ್ದರೆ, ಅಥವಾ ಮುಖ್ಯ ನರ, ರಕ್ತನಾಳದ ಪಕ್ಕದಲ್ಲೇ ಹೋದರೆ, ತೆಗೆಯಬೇಕಾದ ಭಾಗ ಹಿಗ್ಗಿ ಕಾಲು ಉಳಿಸುವ ದಾರಿಯೇ ಮುಚ್ಚಬಹುದು. ಆದ್ದರಿಂದ ಮುಂದೆ ಆಪರೇಷನ್ ಮಾಡುವ ತಂಡವೇ ಬಯಾಪ್ಸಿಯನ್ನೂ ಮಾಡಬೇಕು. ಎಂಆರ್‌ಐ ಅದಕ್ಕಿಂತ ಮೊದಲೇ ಆಗಿರಬೇಕು, ಚುಚ್ಚಿದ ಮೇಲೆ ಒಳಗಿನ ರಕ್ತಸ್ರಾವ ಚಿತ್ರವನ್ನು ಕೆಡಿಸುತ್ತದೆ. ಎಂಆರ್‌ಐ ಬರೀ ಮಂಡಿಗಲ್ಲ, ಇಡೀ ಮೂಳೆಗೆ: ಅದೇ ಮೂಳೆಯಲ್ಲಿ ಮೇಲೆಲ್ಲೋ ಇನ್ನೊಂದು ಪುಟ್ಟ ಗಡ್ಡೆ ಅಡಗಿರಬಹುದು. ಎದೆಯ ಸಿಟಿ ಸ್ಕ್ಯಾನ್ ಕೂಡ ಬೇಕು, ಈ ರೋಗ ಮೊದಲು ಹರಡುವುದು ಸಾಮಾನ್ಯವಾಗಿ ಶ್ವಾಸಕೋಶಕ್ಕೆ. ಎಕ್ಸ್‌ರೇ ನೋಡಿ ಅನುಮಾನ ಬಂದ ಕೂಡಲೇ ಊರಲ್ಲೇ ಕೊಯ್ಯಿಸಲು ಹೋಗದೆ ಬೆಂಗಳೂರಿನ ಕಿದ್ವಾಯಿಯಂಥ, ಮೂಳೆ ಗಡ್ಡೆಯ ತಂಡವಿರುವ ಕಡೆಗೆ ಹೋಗಿ. ಬೇರೆ ಕಡೆ ಬಯಾಪ್ಸಿ ಆಗಿಹೋಗಿದ್ದರೆ ಬರೀ ರಿಪೋರ್ಟ್ ಸಾಲದು, ತೆಗೆದ ತುಣುಕನ್ನು ಇಟ್ಟಿರುವ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ.

ಆಸ್ಟಿಯೋಸಾರ್ಕೋಮಾಗೆ ಮೊದಲು ಸುಮಾರು 10 ವಾರ ಕಿಮೋ (ಕ್ಯಾನ್ಸರ್ ಕಣ ಕೊಲ್ಲುವ ಔಷಧ), ನಂತರ ಆಪರೇಷನ್, ಮತ್ತೆ ಕಿಮೋ. ಒಟ್ಟು ಏಳೆಂಟು ತಿಂಗಳು ಹಿಡಿಯುತ್ತದೆ. ಬರೀ ಕಾಲು ಕತ್ತರಿಸುತ್ತಿದ್ದ ಕಾಲದಲ್ಲಿ ಐವರಲ್ಲಿ ನಾಲ್ವರು ಉಳಿಯುತ್ತಿರಲಿಲ್ಲ, ಏಕೆಂದರೆ ಅಷ್ಟರಲ್ಲಾಗಲೇ ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶ ಸೇರಿರುತ್ತಿದ್ದವು. ಈಗ ಬೇರೆಡೆ ಹರಡದೆ ಸಿಕ್ಕ ರೋಗ, ಚಿಕಿತ್ಸೆ ಪೂರ್ತಿಯಾದರೆ, ಹತ್ತರಲ್ಲಿ ಆರೇಳು ಮಕ್ಕಳಲ್ಲಿ ವಾಸಿಯಾಗುತ್ತದೆ.

ಆ "ಪೂರ್ತಿಯಾದರೆ" ಎಂಬುದರಲ್ಲೇ ಕಷ್ಟವಿರುವುದು. ಎರಡು ಸುತ್ತು ಕಿಮೋ ಆದಾಗ ನೋವು, ಊತ ಇಳಿಯುತ್ತವೆ. ಕೂದಲು ಉದುರಿ, ವಾಂತಿಯಿಂದ ಬಳಲಿದ ಮಗುವನ್ನು ನೋಡಲಾಗದೆ, ಹುಷಾರಾಯಿತಲ್ಲ ಎಂದು ಮನೆಗೆ ಕರೆದೊಯ್ಯುತ್ತಾರೆ. ಕಾಲು ತೆಗೆಯುತ್ತಾರೆ ಎಂಬ ಹೆದರಿಕೆಯೂ ಇರುತ್ತದೆ. ಮರಳಿ ಬರುವಾಗ ಗಡ್ಡೆ ದುಪ್ಪಟ್ಟಾಗಿರುತ್ತದೆ, ಹಿಂದಿನ ಔಷಧಕ್ಕೆ ಬಗ್ಗುವುದಿಲ್ಲ. ದಯವಿಟ್ಟು ಇದೊಂದನ್ನು ಮಾಡಬೇಡಿ. ಕಾಲನ್ನು ಬಹುಪಾಲು ಮಕ್ಕಳಲ್ಲಿ ಉಳಿಸಬಹುದು: ರೋಗದ ಮೂಳೆ ತೆಗೆದು ಲೋಹದ ಕೃತಕ ಕೀಲು ಕೂರಿಸುತ್ತಾರೆ, ನಮ್ಮ ದೇಶದಲ್ಲೇ ತಯಾರಾದವು ಆಮದಾದವಕ್ಕಿಂತ ಅಗ್ಗ. ಕತ್ತರಿಸಲೇಬೇಕಾಗಿ ಬಂದರೂ ಕೃತಕ ಕಾಲಿನಲ್ಲಿ ಓದು, ಕೆಲಸ, ಓಡಾಟ ಎಲ್ಲವೂ ಸಾಧ್ಯ.

ಕಿಮೋ ಕೊಟ್ಟ ಏಳರಿಂದ ಹದಿನಾಲ್ಕನೇ ದಿನದ ನಡುವೆ ಬಿಳಿ ರಕ್ತಕಣ ತಳ ಮುಟ್ಟುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಮಾತ್ರೆ ನುಂಗಿಸಿ ಬೆಳಗಾಗಲಿ ಎಂದು ಕಾಯುವಂತಿಲ್ಲ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. ಡಾಕ್ಸೊರುಬಿಸಿನ್ ಎಂಬ ಕಿಮೋ ಔಷಧ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ಅದು ಔಷಧದ ಬಣ್ಣ. ಸಿಸ್ಪ್ಲಾಟಿನ್ ಎಂಬ ಇನ್ನೊಂದು ಔಷಧದಿಂದ ಕಿವಿ ಮಂದವಾಗಬಹುದು, ಮಗು ಕಿವಿ ಗುಂಯ್‌ಗುಡುತ್ತಿದೆ ಎಂದರೆ ತಕ್ಷಣ ಹೇಳಿ. ಪ್ರೌಢನಾದ ಹುಡುಗನಾದರೆ ಮೊದಲ ಕಿಮೋಗೂ ಮುಂಚೆ ವೀರ್ಯ ಶೇಖರಿಸಿಡುವ ಬಗ್ಗೆ ವೈದ್ಯರನ್ನು ಕೇಳಿ, ಆಮೇಲೆ ಕೇಳಿದರೆ ತಡವಾಗಿರುತ್ತದೆ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ರೇಷನ್ ಕಾರ್ಡು ಮತ್ತು ಆಧಾರ್ ಮೊದಲ ದಿನವೇ ಜೊತೆಗಿರಲಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಅದಕ್ಕೆ ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು.

ಕಿಮೋ ಮುಗಿದ ಮೇಲಿನ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಎದೆಯ ಚಿತ್ರ ತಪ್ಪಿಸಬೇಡಿ. ಶ್ವಾಸಕೋಶದಲ್ಲಿ ಒಂದೆರಡು ಸಣ್ಣ ಗಂಟು ಕಂಡರೂ ಎಲ್ಲ ಮುಗಿಯಿತೆಂದು ಅಲ್ಲ. ಬೇಗ ಕಂಡವನ್ನು ಆಪರೇಷನ್‌ನಲ್ಲಿ ತೆಗೆಯಬಹುದು, ಹಾಗೆ ತೆಗೆಸಿಕೊಂಡು ಪೂರ್ತಿ ವಾಸಿಯಾದವರಿದ್ದಾರೆ.