ಗ್ರಂಥಾಲಯ ಸೆಸ್ ಕಟ್ಟುತ್ತೇವೆ, ಹತ್ತು ವರ್ಷದ ಯೋಜನೆಯನ್ನೂ ಕೇಳೋಣ

ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರು ಆಸ್ತಿ ತೆರಿಗೆಯ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಶೇ 6ರಷ್ಟು ಗ್ರಂಥಾಲಯ ಸೆಸ್ ಇದೆ. 5,000 ರೂಪಾಯಿ ತೆರಿಗೆಗೆ 300 ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಸೌಕರ್ಯ ಇದು. ದೇಶದ ಎಷ್ಟೋ ರಾಜ್ಯಗಳಲ್ಲಿ ಇಂಥ ಸೆಸ್ಸೇ ಇಲ್ಲ.

ಅಂದರೆ ನಮ್ಮ ಗ್ರಂಥಾಲಯಗಳಿಗೆ ಪ್ರತಿ ವರ್ಷ ಇಂತಿಷ್ಟು ಹಣ ಬರಬೇಕು ಅನ್ನುವುದು ಕಾನೂನಿನಲ್ಲೇ ಇದೆ. ವಸೂಲಾದ ಸೆಸ್ ಪಾಲಿಕೆಯಿಂದ ಗ್ರಂಥಾಲಯಕ್ಕೆ ಸರಿಯಾಗಿ ಸೇರುತ್ತಿಲ್ಲ ಅನ್ನುವ ಜಗಳ ಹಳೆಯದು. ಅದು ಬಗೆಹರಿಯಲೇಬೇಕು. ಆದರೆ ನನ್ನ ಚಿಂತೆ ಅದಕ್ಕಿಂತ ಮುಂದಿನದು. ನಾಳೆ ಪೂರ್ತಿ ಬಾಕಿ ಬಂದೇಬಿಟ್ಟಿತು ಅಂದುಕೊಳ್ಳಿ. ಅದನ್ನು ಎಲ್ಲಿ, ಯಾರಿಗಾಗಿ, ಯಾವ ವರ್ಷ ಖರ್ಚು ಮಾಡಬೇಕು? ಇದಕ್ಕೆ ಉತ್ತರ ಬರೆದಿಡುವುದು ಊರಿನ ಸಾರ್ವಜನಿಕ ಗ್ರಂಥಾಲಯಗಳನ್ನು ನೋಡಿಕೊಳ್ಳುವ ನಗರ ಗ್ರಂಥಾಲಯ ಪ್ರಾಧಿಕಾರದ ಮೊದಲ ಕೆಲಸ ಆಗಬೇಕು. ಒಂದು ವರ್ಷದ ಬಜೆಟ್ ಸಾಲದು, ಹತ್ತು ವರ್ಷದ ಲೆಕ್ಕ ಬೇಕು.

ಸಿಂಗಪುರ ಇದನ್ನು ಮಾಡಿತು. ಗ್ರಂಥಾಲಯಗಳು ಮುಂದೆ ಹೇಗಿರಬೇಕು ಅಂತ 1994ರಲ್ಲಿ ಒಂದು ವರದಿ ಬರೆದರು, ಮರುವರ್ಷವೇ ಅದನ್ನು ನಡೆಸಲು ಮಂಡಳಿ ಕಟ್ಟಿದರು. ಜನ ಓಡಾಡುವ ಮಾಲ್‌ಗಳ ಒಳಗೇ ಗ್ರಂಥಾಲಯ ತೆರೆದರು. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಯಾಕಾಗಬಾರದು?

ಯೋಜನೆ ಅಂದ ಕೂಡಲೇ ಹೊಸ ಕಟ್ಟಡದ ಚಿತ್ರ ತೋರಿಸುತ್ತಾರೆ. ನನಗೆ ಅದು ಕೊನೆಗೆ ಬರಬೇಕಾದ ಪುಟ. ಮೊದಲು ಒಳಗೆ ಕೂತವರನ್ನು ನೋಡಿ. ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರು. ಕೆಪಿಎಸ್‌ಸಿ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಇವರಲ್ಲಿ ಎಷ್ಟೋ ಜನ ದೂರದ ಜಿಲ್ಲೆಗಳಿಂದ ಬಂದು ಪಿಜಿಯ ಒಂದು ಮಂಚದಲ್ಲಿ ಇರುವವರು. ಅವರಿಗೆ ಬೇಕಾಗಿರುವುದು ಒಂದು ಕುರ್ಚಿ, ಒಳ್ಳೆಯ ಬೆಳಕು, ಕುಡಿಯುವ ನೀರು, ಶುಚಿಯಾದ ಶೌಚಾಲಯ, ರಾತ್ರಿವರೆಗೆ ತೆರೆದ ಬಾಗಿಲು. ಹೆಣ್ಣುಮಕ್ಕಳಿಗೆ ಇದು ಇನ್ನೂ ಜಾಸ್ತಿ ಬೇಕು. ಅಲ್ವಾ? ಮಕ್ಕಳು ಬರುತ್ತಿಲ್ಲ ಅನ್ನುತ್ತೇವೆ. ಶಾಲೆ ಬಿಟ್ಟ ಮೇಲಿನ ಹೊತ್ತಿಗೆ ಅವರಿಗೊಂದು ಮೂಲೆ, ಕೈಗೆ ಸಿಗುವ ಎತ್ತರದಲ್ಲಿ ಕಪಾಟು, ಈಚೆಗೆ ಬಂದ ಕನ್ನಡ ಪುಸ್ತಕಗಳು ಇದ್ದರೆ ಖಂಡಿತ ಬರುತ್ತಾರೆ.

ಸಿಬ್ಬಂದಿಯ ವಿಷಯವಂತೂ ತೀರಾ ಸುಲಭವಾಗಿ ಯೋಜಿಸಬಹುದು. ಯಾವ ಗ್ರಂಥಪಾಲಕರು ಯಾವ ವರ್ಷ ನಿವೃತ್ತರಾಗುತ್ತಾರೆ ಅನ್ನುವುದು ಇವತ್ತೇ ಗೊತ್ತಿರುತ್ತದೆ. ಆದರೂ ಹುದ್ದೆ ಖಾಲಿಯಾದ ಮೇಲೆಯೇ ಕಡತ ಏಳುವುದು ಯಾಕೆ?

ಆಮೇಲೆ ನಕ್ಷೆ. ನಗರಕ್ಕೆ 7 ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿದ್ದು 2007ರಲ್ಲಿ. ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳ ಮಗುವಿಗೆ ಸಿಗುವ ಪುಸ್ತಕ ಈ ಹಳ್ಳಿಗಳ ಮಗುವಿಗೂ ನಡೆದು ಹೋಗುವ ದೂರದಲ್ಲಿ ಸಿಗಬೇಕು. ಎಲ್ಲಿ ಸಿಗುತ್ತಿಲ್ಲವೋ ಅಲ್ಲಿಂದ ಖರ್ಚು ಶುರುವಾಗಲಿ.

ಗ್ರಂಥಾಲಯ ಬೆಳೆಯುವ ಜೀವಿ ಅಂತ 1931ರಲ್ಲೇ ಹೇಳಿದ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಊರಿನಲ್ಲಿ. 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಇಲ್ಲೇ ಕಟ್ಟಿದರು. ಯೋಜನೆ ಬರೆಯಬಲ್ಲವರಿಗಾಗಿ ನಾವು ಹೊರಗೆ ಹುಡುಕಬೇಕಾಗಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಐದೂ ಕಡೆ ಸೆಸ್ ಎಷ್ಟು ಬಂತು, ಎಷ್ಟು ದಾಟಿಸಿದರು ಅನ್ನುವುದು ಪ್ರತಿ ವರ್ಷ ಶಾಖೆಗಳ ನೋಟಿಸ್ ಬೋರ್ಡಿನಲ್ಲಿ ಕಾಣಲಿ. ಹತ್ತು ವರ್ಷದ ಯೋಜನೆಯ ಕರಡನ್ನೂ ಅದರ ಪಕ್ಕದಲ್ಲೇ ಸರಳ ಕನ್ನಡದಲ್ಲಿ ಅಂಟಿಸಲಿ. ಓದುಗರು ಅಭಿಪ್ರಾಯ ಬರೆಯಲು ಒಂದು ನೋಟ್‌ಬುಕ್ ಇಡಲಿ. ಎರಡು ತಿಂಗಳು ಕಾಯಲಿ. ಬರೆದದ್ದನ್ನೆಲ್ಲ ಓದಿದ ಮೇಲೆಯೇ ಪ್ರಾಧಿಕಾರ ಸಹಿ ಹಾಕಲಿ.