ಸೈಡ್ಸಾ ಸಾರ್?

ಯುಗಾದಿಯ ಮಾರನೆಯ ದಿನದ ಬಾಡೂಟದ ಹಬ್ಬ, ಹೊಸತೊಡಕಿನ ಕೆಲಸಗಳನ್ನು ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಂಚುವಾಗ ನಾನು ಸ್ನಾನಕ್ಕೆ ಹೋಗಿದ್ದೆ. ನಾನು ಮಾಡಿದ ತಪ್ಪು ಅದೊಂದೇ. ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಮಟನ್ ಬಾಮೈದನಿಗೆ, ಬಾಳೆಎಲೆ ಷಡ್ಕನಿಗೆ, ಕುರ್ಚಿ ಇನ್ಯಾರಿಗೋ ಹೋಗಿ, ನನ್ನ ಹೆಸರಿನ ಮುಂದೆ ‘ಡ್ರಿಂಕ್ಸ್’ ಅಂತ ಬಿದ್ದಿತ್ತು. ಅದರ ಕೆಳಗೆ ಬೇಡಿಕೆಗಳು ಆಗಲೇ ಸಾಲುಗಟ್ಟಿದ್ದವು.

ಬಾಮೈದನಿಗೆ ಸ್ಟ್ರಾಂಗ್ ಬಿಯರ್. ಅದೂ 650 ಎಂ.ಎಲ್. ಬಾಟಲಿಯೇ ಆಗಬೇಕು, ಟಿನ್ನಿನದು ತಗಡಿನ ವಾಸನೆಯಂತೆ. ಷಡ್ಕನಿಗೆ ವೈನ್, ‘ಡ್ರೈ ಇರಲಿ’, ಅಂದರೆ ಸಿಹಿ ಇರಬಾರದು. ಅಕ್ಕನ ಮಗಳಿಗೆ ಸೈಡರ್, ಸೇಬಿನ ರಸವನ್ನು ಹುಳಿ ಬರಿಸಿ ಮಾಡುವ ಮದ್ಯ. ದೊಡ್ಡಪ್ಪ ಏನೂ ಬರೆದಿರಲಿಲ್ಲ, ಅವರ ಎರಡು ನೈಂಟಿ ಊರಿಗೇ ಗೊತ್ತು. ಅತ್ತೆ ಕೈಮುಗಿಯುವ ಚಿತ್ರವೊಂದನ್ನು ಹಾಕಿ ಸುಮ್ಮನಾಗಿದ್ದರು. ನಮ್ಮ ಮನೆಯಲ್ಲಿ ಅದರ ಅರ್ಥ ಪೋರ್ಟ್ ವೈನ್. ಹೆರಿಗೆಯಾದಾಗ ಯಾರೋ ಡಾಕ್ಟರು ರಕ್ತ ಆಗುತ್ತೆ ಅಂತ ಹೇಳಿದ್ದರಂತೆ. ಆಗ ಹುಟ್ಟಿದ ಮಗುವಿಗೆ ಈಗ ನಲವತ್ತೆರಡು ವರ್ಷ, ರಕ್ತ ಇನ್ನೂ ಆಗುತ್ತಲೇ ಇದೆ.

ನಮ್ಮ ಏರಿಯಾದ ಅಂಗಡಿಯ ಬೋರ್ಡಿನಲ್ಲಿ ‘ವೈನ್ಸ್’ ಅಂತ ಎರಡಡಿ ಅಕ್ಷರದಲ್ಲಿ ಬರೆದಿದ್ದಾರೆ. ಅಲ್ಲಿ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಮುಂದೆ ಕಬ್ಬಿಣದ ಜಾಲರಿ, ಅದರಲ್ಲೊಂದು ಕೈ ತೂರುವಷ್ಟು ಕಿಂಡಿ. ಕಿಂಡಿಯ ಮುಂದೆ ನಿಂತವನಿಗೆ ಯೋಚಿಸಲು ಸಿಗುವುದು ಮೂರು ಸೆಕೆಂಡು. ನಾಲ್ಕನೆಯ ಸೆಕೆಂಡಿಗೆ ಯಾರದೋ ಕೈ ನಿಮ್ಮ ಕಂಕುಳ ಕೆಳಗಿಂದ ಒಳಗೆ ಹೋಗಿ, ಟೆಟ್ರಾ ಪ್ಯಾಕ್ ಹಿಡಿದು ವಾಪಸ್ ಬಂದಿರುತ್ತದೆ.

“ಸೈಡರ್ ಇದ್ಯಾ?” ಅಂದೆ.

“ಸೈಡ್ಸಾ ಸಾರ್? ಪಕ್ಕದಲ್ಲಿ ಕೇಳಿ. ಕಡ್ಲೆಬೀಜ, ಚಿಪ್ಸು ಎಲ್ಲಾ ಐತೆ.”

“ಸೈಡ್ಸ್ ಅಲ್ಲಪ್ಪ, ಸೈಡರ್. ಸೇಬಿಂದು.”

ಹುಡುಗ ಮರುಕದಿಂದ ನೋಡಿದ. “ಆ್ಯಪಲ್ ವೋಡ್ಕಾ ಕೊಡ್ಲಾ?”

ಡ್ರೈ ವೈನ್ ಕೇಳಿದ್ದಕ್ಕೆ, “ಡ್ರೈ ಅಂದ್ರೆ, ನೀರು ಹಾಕ್ದೆ ಕುಡಿಯೋದಾ?” ಅಂದ. ಆಮೇಲೆ ಸ್ಟೂಲು ಹತ್ತಿ, ದೇವರ ಫೋಟೋದ ಹಿಂದಿನಿಂದ ಒಂದು ಬಾಟಲಿ ತೆಗೆದು, ಧೂಳನ್ನು ಅಂಗಿಯ ತುದಿಯಲ್ಲಿ ಒರೆಸಿದ. ಕಾರ್ಕಿನ ಬಾಟಲಿಯನ್ನು ತಂಪಿನಲ್ಲಿ ಮಲಗಿಸಿ ಇಡಬೇಕು, ಇಲ್ಲದಿದ್ದರೆ ಕಾರ್ಕ್ ಒಣಗುತ್ತದೆ. ಇದು ಟ್ಯೂಬ್‌ಲೈಟಿನ ಪಕ್ಕ ಎಷ್ಟು ಬೇಸಿಗೆ ನಿಂತೇ ಕಳೆದಿತ್ತೋ. ಲೇಬಲ್ ಓದಿದೆ. ದ್ರಾಕ್ಷಿ ನಮ್ಮ ನಂದಿ ಬೆಟ್ಟದ ತಪ್ಪಲಿನದು. ಅಷ್ಟು ಹತ್ತಿರದ ಮಾಲನ್ನು ಇಷ್ಟು ಪರದೇಶಿ ಮಾಡಿಟ್ಟಿದ್ದಾರಲ್ಲ ಅನ್ನಿಸಿತು. “ಬೇಕಾ ಬೇಡ್ವಾ ಸಾರ್, ಬೇಗ ಹೇಳಿ, ಹಿಂದೆ ಜನ ಅವ್ರೆ.”

ನನಗೆ ಈ ಆರಿಸುವ ಕೆಲಸವೇ ಬರುವುದಿಲ್ಲ. ಬೆಳೆದದ್ದು ಹಾಗೆ. ಮಳವಳ್ಳಿ ಕಡೆಯ ನಮ್ಮ ಊರಲ್ಲಿ ಹೊಸತೊಡಕು ಅಂದರೆ ಗುಡ್ಡೆ ಮಾಂಸ. ಹಿಂದಿನ ಯುಗಾದಿಯಿಂದಲೇ ತಿಂಗಳು ತಿಂಗಳು ಚೀಟಿ ಕಟ್ಟಿರುತ್ತಿದ್ದರು. ಹಬ್ಬ ಹತ್ತಿರ ಬಂದಾಗ ಆ ದುಡ್ಡಲ್ಲಿ ಮರಿ ತರುತ್ತಿದ್ದರು. ಹೊಸತೊಡಕಿನ ಬೆಳಗ್ಗೆ ಬೆಳಕು ಹರಿಯುವ ಮುಂಚೆಯೇ ಹೊಂಗೆ ಮರದ ಕೆಳಗೆ ಟಾರ್ಪಾಲು, ಅದರ ಮೇಲೆ ಬಾಳೆಎಲೆ, ಎಲೆಯ ಮೇಲೆ ಮೂವತ್ತೆರಡು ಗುಡ್ಡೆ. ತಕ್ಕಡಿ ಇಲ್ಲ. ತಕ್ಕಡಿ ನಮ್ಮ ಸೋದರಮಾವನ ಕಣ್ಣಲ್ಲಿತ್ತು.

ಮೊದಲು ಮಾಂಸ, ಆಮೇಲೆ ಮೂಳೆ, ಆಮೇಲೆ ಬೋಟಿ, ಕೊನೆಗೆ ಈಲಿ, ಅಂದರೆ ಲಿವರ್. ಈಲಿಯನ್ನು ಬೆರಳುದ್ದ ಕೊಯ್ದು, ಕುಂಕುಮ ಇಟ್ಟ ಹಾಗೆ ಪ್ರತಿ ಗುಡ್ಡೆಯ ನೆತ್ತಿಯ ಮೇಲೆ ಇಡುತ್ತಿದ್ದ. ನಂತರ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದ. ಏಳನೆಯ ಗುಡ್ಡೆಯಿಂದ ಒಂದು ತುಂಡು ಎತ್ತಿ ಹತ್ತೊಂಬತ್ತಕ್ಕೆ ಹಾಕುತ್ತಿದ್ದ. ಎರಡು ಹೆಜ್ಜೆ ಹಿಂದೆ ಹೋಗಿ, ತಲೆ ಕೆರೆದು, ಅದೇ ತುಂಡನ್ನು ಏಳಕ್ಕೇ ವಾಪಸ್ ಹಾಕುತ್ತಿದ್ದ. “ಆ ಮೂಲೇದು ವಸಿ ತೆಳ್ಳಗೈತೆ ಕಣಣ್ಣ” ಅಂತ ಯಾರಾದರೂ ಅಂದರೆ ಕಿವಿಗೆ ಬೀಳದವನಂತೆ ಇರುತ್ತಿದ್ದ. ಬೀಡಿ ಮುಗಿದ ಮೇಲೆ, ತನಗೇ ಹೊಳೆದಿದ್ದು ಅನ್ನುವ ಹಾಗೆ, ಮೂಲೆಯದಕ್ಕೆ ಒಂದು ಪಕ್ಕೆಲುಬು ಸೇರುತ್ತಿತ್ತು.

ಯಾರಿಗೆ ಯಾವ ಗುಡ್ಡೆ? ಅದನ್ನೂ ಆರಿಸುವುದಿಲ್ಲ. ಮನೆಗೊಂದು ವಸ್ತು ಕೊಡಬೇಕು. ಬೀಡಿ ಕಟ್ಟು, ಬಾಚಣಿಗೆ, ಬುಗುರಿ, ಹುಣಸೆಬೀಜ, ತಾಯತ. ಒಬ್ಬ ಪುಣ್ಯಾತ್ಮ ಚಪ್ಪಲಿ ಕೊಡಲು ಹೋಗಿ ಬೈಸಿಕೊಂಡ. ಎಲ್ಲ ಒಂದು ಮಂಕರಿಗೆ ಹಾಕಿ, ಒಂದು ಹುಡುಗನ ಕಣ್ಣಿಗೆ ಟವೆಲ್ ಕಟ್ಟಿ, ಕೈಗೆ ಸಿಕ್ಕಿದ್ದನ್ನು ಗುಡ್ಡೆಗೆ ಒಂದರಂತೆ ಇಡಿಸುತ್ತಿದ್ದರು. ಒಂದು ವರ್ಷ ಆ ಹುಡುಗ ನಾನು. ನಮ್ಮ ಮನೆಯದು ಬೀಗದ ಕೈ. ಟವೆಲ್ ತೆಳುವಾಗಿತ್ತು. ಹನ್ನೊಂದನೆಯ ಗುಡ್ಡೆಯಲ್ಲಿ ಒಂದು ನಲ್ಲಿ ಮೂಳೆ ಇತ್ತು, ನನ್ನ ಮೊಣಕೈಯಷ್ಟು ದಪ್ಪ. ಮಂಕರಿಯಲ್ಲಿ ತಡಕಿ ತಡಕಿ, ಹನ್ನೊಂದಕ್ಕೆ ಬೀಗದ ಕೈಯನ್ನೇ ಇಟ್ಟೆ.

ಮಾವ ಏನೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೇ ಬಂದ. ನನ್ನ ಪಕ್ಕದಲ್ಲೇ ಕೂತ. ನನ್ನ ತಟ್ಟೆಗೆ ನಲ್ಲಿ ಮೂಳೆ ಬಿತ್ತು. ಮಾವ ಕೈ ಚಾಚಿ ಅದನ್ನು ಎತ್ತಿಕೊಂಡ. ತಟ್ಟೆಯ ಅಂಚಿಗೆ ಟಣ್ ಟಣ್ ಅಂತ ಎರಡು ಸಲ ಕುಟ್ಟಿ, ಬಾಯಿಗಿಟ್ಟು ಸೊರ್ರನೆ ಹೀರಿ, ಖಾಲಿ ಮೂಳೆಯನ್ನು ನನ್ನ ತಟ್ಟೆಗೇ ವಾಪಸ್ ಇಟ್ಟು, “ಸಾರು ಚೆನ್ನಾಗೈತೆ ಕಣವ್ವಾ” ಅಂತ ನಮ್ಮಮ್ಮನಿಗೆ ಹೇಳಿದ. ಇವತ್ತಿಗೂ ಎರಡು ವಸ್ತುಗಳ ನಡುವೆ ಒಂದನ್ನು ಆರಿಸಬೇಕಾಗಿ ಬಂದರೆ ನನಗೆ ಆ ಟಣ್ ಟಣ್ ಕೇಳಿಸುತ್ತದೆ.

ಕುಡಿಯುವ ವಿಷಯದಲ್ಲೂ ಆಗ ಆಯ್ಕೆ ಇರಲಿಲ್ಲ. ಇದ್ದದ್ದು ಒಂದೇ, ಪ್ಯಾಕೆಟ್ ಸಾರಾಯಿ. ಮೂಲೆ ಕಚ್ಚಿ ಉಗಿದರೆ ಮುಗಿಯಿತು. ಅದೇನೋ ಒಳ್ಳೆಯ ಕಾಲ ಅಂತ ಹೇಳುತ್ತಿಲ್ಲ. ಆ ಪ್ಯಾಕೆಟ್ ನಮ್ಮ ಬೀದಿಯಲ್ಲೇ ಮೂರು ಮನೆ ತೆಗೆದಿದೆ. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ತಮಾಷೆ ಅಂದರೆ ಅದೇ ವರ್ಷ ವೈನ್ ನೀತಿಯನ್ನೂ ತಂದಿತು. ನಮ್ಮೂರಿನವರು ಮಾತ್ರ ಸಾರಾಯಿಯಿಂದ ಸೀದಾ ಕ್ವಾರ್ಟರಿಗೆ ಬಂದರು. ನಡುವೆ ವೈನ್ ಅನ್ನುವ ಸ್ಟಾಪಿನಲ್ಲಿ ಯಾರೂ ಇಳಿಯಲಿಲ್ಲ.

ಹಬ್ಬದ ಹಿಂದಿನ ರಾತ್ರಿ ಮೊಬೈಲಿನಲ್ಲಿ ಕೂತು ಓದಿದೆ. ಕೆಂಪು ಮಾಂಸಕ್ಕೆ ಕೆಂಪು ವೈನ್, ಮೀನಿಗೆ ಬಿಳಿ ವೈನ್. ಇದನ್ನು ಬರೆದವರಿಗೆ ಬೋಟಿ ಗೊತ್ತಾ? ತಲೆಮಾಂಸ ಗೊತ್ತಾ? ಅಗಿಯದೆ ನುಂಗುವ ಮುದ್ದೆಗೆ ಯಾವ ವೈನ್ ಹೊಂದುತ್ತೆ, ಹೇಳಲಿ ನೋಡೋಣ. ಹುಡುಕಿದಾಗ ಸಿಕ್ಕಿದ್ದು ಇಷ್ಟು: ಖಾರದ ಅಡುಗೆಯ ಜೊತೆ ಸ್ಟ್ರಾಂಗ್ ಕುಡಿದರೆ ಉರಿ ಜಾಸ್ತಿಯಾಗುತ್ತದೆ, ಬಿಯರಿನ ಗುಳ್ಳೆ ಉರಿಯುವ ನಾಲಿಗೆಯನ್ನು ಇನ್ನಷ್ಟು ಚುಚ್ಚುತ್ತದೆ, ಒಗರು ಕೆಂಪು ವೈನ್ ಅಂತೂ ಬೇಡವೇ ಬೇಡ, ಸ್ವಲ್ಪ ಸಿಹಿ ಇದ್ದರೆ ಹಿತ. ಅಂದರೆ ನಮ್ಮ ಮಟನ್ ಸಾರಿಗೆ ಶಾಸ್ತ್ರೋಕ್ತವಾಗಿ ಹೊಂದುವುದು ಅತ್ತೆಯ ಪೋರ್ಟ್ ವೈನ್! ತಳ್ಳುಗಾಡಿಯಲ್ಲಿ ಮಾರುವ, ಬೀಜ ಇರುವ, ದಪ್ಪ ಸಿಪ್ಪೆಯ ಬೆಂಗಳೂರು ಬ್ಲೂ ದ್ರಾಕ್ಷಿ ಜ್ಯೂಸಿಗೆ ಹೋಗುತ್ತದೆ, ಬಿಟ್ಟರೆ ಇಂಥ ಸಿಹಿ ವೈನಿಗೇ ಹೋಗುತ್ತದೆ. ಇದನ್ನು ಷಡ್ಕನಿಗೆ ಹೇಳಲು ಧೈರ್ಯ ಬರಲಿಲ್ಲ.

ಆದರೆ ಈ ಲೆಕ್ಕವೆಲ್ಲ ಬುಡದಲ್ಲೇ ತಪ್ಪು. ನಮ್ಮವರು ಊಟದ ಜೊತೆ ಯಾವತ್ತು ಕುಡಿದಿದ್ದಾರೆ? ಕುಡಿಯುವುದು ಮೊದಲು, ಊಟ ಆಮೇಲೆ. ಎಲೆ ಹಾಕಿದರು ಅಂದರೆ ಲೋಟ ಮಂಚದ ಕೆಳಗೆ ಹೋಯಿತು. ಹೊಂದಿಸುವುದೇ ಆದರೆ ಹುರಿದ ಈಲಿಗೆ, ಕಡಲೆಬೀಜಕ್ಕೆ ಹೊಂದಿಸಬೇಕು. ಆ ಅಂಗಡಿಯ ಹುಡುಗ ಮೊದಲೇ ಸರಿಯಾಗಿ ಕೇಳಿದ್ದ. ಸೈಡ್ಸಾ ಸಾರ್?

ಅವತ್ತು 2025ರ ಮಾರ್ಚ್ 31, ಸೋಮವಾರ. ಹೊಸತೊಡಕು, ರಂಜಾನ್ ಎರಡೂ ಒಂದೇ ದಿನ. ಮಟನ್ ಅಂಗಡಿಯ ಮುಂದೆ ಎರಡು ಹಬ್ಬಕ್ಕೂ ಒಂದೇ ಕ್ಯೂ. ಬಾಮೈದ ಐದಕ್ಕೆ ಹೋದವನು ಒಂಬತ್ತಕ್ಕೆ ಬಂದ. ಫ್ರಿಜ್ಜಿನಲ್ಲಿ ನಿನ್ನೆಯ ಒಬ್ಬಟ್ಟಿನ ಸಾರಿನ ಪಾತ್ರೆ ಕೂತಿತ್ತು. ಅದನ್ನು ಕದಲಿಸುವ ಹಾಗಿಲ್ಲ. ಹೀಗಾಗಿ ಬಿಯರು, ವೈನು, ಊರೆಲ್ಲ ಅಲೆದು ಮಾಲ್ ಒಂದರಲ್ಲಿ ಹುಡುಕಿ ತಂದ ನಾಲ್ಕು ಸೈಡರು ಎಲ್ಲವೂ ಬಾತ್‌ರೂಮಿನ ಬಕೆಟ್ಟಿನಲ್ಲಿ, ಐಸಿನ ನಡುವೆ. ಪಕ್ಕದಲ್ಲೇ ಬಟ್ಟೆ ಸೋಪು.

ಅಕ್ಕನ ಮಗಳು ಬಂದಳು. “ಅಯ್ಯೋ ಮಾಮ, ನಾನು ಬಿಟ್ಟು ಒಂದು ತಿಂಗಳಾಯ್ತು” ಅಂದು ಮಜ್ಜಿಗೆ ಕುಡಿದಳು. ಸೈಡರನ್ನು ದೊಡ್ಡಪ್ಪನಿಗೆ ಕೊಟ್ಟೆ. ಒಂದು ಗುಟುಕು ಕುಡಿದು, “ಸೇಬಿನ ಜ್ಯೂಸು ಕೆಟ್ಟೋಗೈತೆ ಕಣ್ಲಾ” ಅಂದರು. ಹಾಗೆ ನೋಡಿದರೆ ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ವೈನಿನ ಕಾರ್ಕ್ ಅರ್ಧ ಪುಡಿಯಾಗಿ ಒಳಗೆ ಬಿತ್ತು. ಟೀ ಸೋಸುವ ಜಾಲರಿಯಲ್ಲಿ ಸೋಸಿದ ಮೇಲೆ ಷಡ್ಕ, ಇದು ಒಂದು ಗಂಟೆ ಉಸಿರಾಡಬೇಕು ಅಂದ. ಉಸಿರಾಡಲು ಬಿಟ್ಟು ಇಸ್ಪೀಟಿಗೆ ಕೂತ. ಸಂಜೆ ಯಾರೋ ಅದಕ್ಕೆ ಸ್ಪ್ರೈಟ್ ಬೆರೆಸಿದ್ದರು. ಯಾರು ಅಂತ ನಾನು ಹೇಳುವುದಿಲ್ಲ. ಹೊಸತೊಡಕಿನ ದಿನ ಆದದ್ದೇ ವರ್ಷವೆಲ್ಲ ಆಗುತ್ತೆ ಅನ್ನುತ್ತಾರೆ, ಹಾಗಾಗಿ ಜಗಳ ಬೇಡ ಅಂತ ಸುಮ್ಮನಾದೆ. ಅತ್ತೆ ಮಾತ್ರ ಸ್ಟೀಲ್ ಲೋಟದಲ್ಲಿ ತಮ್ಮ ಔಷಧಿ ಮುಗಿಸಿ, ಎರಡು ಸಲ ಸಾರು ಹಾಕಿಸಿಕೊಂಡು, ಎಲ್ಲರಿಗಿಂತ ಮೊದಲು ನಿದ್ದೆ ಹೋದರು.

ವಾರ ಕಳೆದು ಗುಜರಿಯವನು ಬಂದ. ಬಾಟಲಿಗಳನ್ನೆಲ್ಲ ಗೇಟಿನ ಹತ್ತಿರ ಸಾಲಾಗಿ ಇಟ್ಟೆ. ಬಿಯರ್ ಬಾಟಲಿಗಳನ್ನು ಎರಡೆರಡರಂತೆ ಕತ್ತು ಹಿಡಿದು ಚೀಲಕ್ಕೆ ಹಾಕಿದ. ಸೈಡರಿನ ನಾಲ್ಕನ್ನು ಕಾಲಲ್ಲೇ ಪಕ್ಕಕ್ಕೆ ಸರಿಸಿದ. ವೈನ್ ಬಾಟಲಿ ಎತ್ತಿ, ಬುಡದ ಗುಂಡಿಯೊಳಗೆ ಹೆಬ್ಬೆರಳು ಹಾಕಿ ನೋಡಿ, “ಇದು ಯಾರೂ ತಗೊಳ್ಳಲ್ಲ ಸಾರ್” ಅಂತ ನನ್ನ ಕೈಗೇ ವಾಪಸ್ ಕೊಟ್ಟ. ಅಷ್ಟಕ್ಕೆ ಅವನಿಗೆ ಮೂರು ಸೆಕೆಂಡೂ ಬೇಕಾಗಲಿಲ್ಲ.